ಹೊಲಿಗೆ ಮಷಿನ್ ಮುಂದೆ ಕೂತ ಗ್ವಾಡಲೂಪೆ

ಮೊದಲು ಚಿತ್ರ ನೋಡೋಣ, ಕಥೆ ಆಮೇಲೆ.

ಒಬ್ಬ ಹೆಂಗಸು ಓಡಿ ಬರುತ್ತಿದ್ದಾಳೆ, ನೇರ ನಮ್ಮ ಕಡೆಗೇ. ಮೈಮೇಲೆ ಗುಲಾಬಿ ಬಣ್ಣದ ಉಡುಪು, ಕಾಲಲ್ಲಿ ಓಟದ ಬೂಟು. ಓಟದ ರಭಸಕ್ಕೆ ಬಟ್ಟೆ ಮೇಲೆ ಸರಿದು ಗಟ್ಟಿ ತೊಡೆಗಳು ಕಾಣುತ್ತಿವೆ. ಒಂದು ಕೈಯಲ್ಲಿ ಹಾವು. ಕತ್ತು ಹಿಡಿದುಕೊಂಡಿದ್ದಾಳೆ, ಅದರ ಭಯವೇ ಇಲ್ಲ. ಇನ್ನೊಂದು ಕೈಯಲ್ಲಿ ನಕ್ಷತ್ರ ತುಂಬಿದ ನೀಲಿ ಹೊದಿಕೆ, ಗಾಳಿಗೆ ಹಿಂದಕ್ಕೆ ಹಾರುತ್ತಿದೆ. ಬೆನ್ನ ಹಿಂದೆ ಬಂಗಾರದ ಕಿರಣಗಳು. ಕಾಲ ಕೆಳಗೆ ಒಬ್ಬ ಪುಟ್ಟ ದೇವದೂತ. ಅವನ ರೆಕ್ಕೆಗೆ ಕೆಂಪು, ಬಿಳಿ, ನೀಲಿ ಬಣ್ಣ. ಅವಳು ಅವನನ್ನು ದಾಟಿ ಹಾರಿ ಬಂದಿದ್ದಾಳೆ. ಮುಖದಲ್ಲಿ ನಗು.

ಇದು 1978ರಲ್ಲಿ ಯೊಲಾಂಡಾ ಲೋಪೆಜ್ ಬರೆದ ಚಿತ್ರ. ಹೆಸರು ‘ಗ್ವಾಡಲೂಪೆ ಕನ್ಯೆಯಾಗಿ ಕಲಾವಿದೆ’. ಗ್ವಾಡಲೂಪೆ ಅಂದರೆ ಮೆಕ್ಸಿಕೊದವರ ಮೇರಿ ಮಾತೆ. ಚಿಕಾನಾ ಕಲೆ, ಅಂದರೆ ಅಮೆರಿಕದಲ್ಲಿರುವ ಮೆಕ್ಸಿಕನ್ ಮೂಲದ ಹೆಂಗಸರ ಕಲೆ, ಅಂದ ಕೂಡಲೇ ಎಲ್ಲರೂ ತೋರಿಸುವುದು ಇದನ್ನೇ. ಟೀ ಶರ್ಟಿನ ಮೇಲೂ ಇದು ಚೆನ್ನಾಗಿಯೇ ಕೂರುತ್ತೆ. ಆದರೆ ಇದು ಒಂಟಿ ಚಿತ್ರ ಅಲ್ಲ. ಮೂರರಲ್ಲಿ ಒಂದು. ಇನ್ನೆರಡರಲ್ಲಿ ಒಬ್ಬರು ಅಜ್ಜಿ, ಇನ್ನೊಬ್ಬರು ಅಮ್ಮ. ಓಡುವ ಮಗಳ ಮುಂದೆ ಅವರಿಬ್ಬರನ್ನು ಜನ ಮರೆತೇ ಬಿಡುತ್ತಾರೆ. ನನ್ನ ಮಟ್ಟಿಗೆ ಮೂರರಲ್ಲಿ ದೊಡ್ಡ ಚಿತ್ರ ಅಮ್ಮನದು. ಯಾಕೆ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೋಡೆಯ ಮೇಲಿದ್ದ ತಾಯಿ

ಮೆಕ್ಸಿಕೊದ ಜನರಿಗೆ ಗ್ವಾಡಲೂಪೆ ಮಾತೆ ಏನು ಅನ್ನುವುದು ಗೊತ್ತಾಗದಿದ್ದರೆ ಈ ಚಿತ್ರದ ಧೈರ್ಯ ಗೊತ್ತಾಗುವುದಿಲ್ಲ.

ಕಥೆ 1531ರದ್ದು. ಸ್ಪೇನಿನವರು ಮೆಕ್ಸಿಕೊ ಗೆದ್ದು ಆಗ ಹತ್ತು ವರ್ಷ. ಟೆಪೆಯಾಕ್ ಅನ್ನುವ ಗುಡ್ಡದ ಮೇಲೆ ಹುವಾನ್ ಡಿಯೆಗೊ ಎಂಬ ಮೂಲನಿವಾಸಿ ಬಡವನಿಗೆ ಮೇರಿ ಮಾತೆ ಕಾಣಿಸಿಕೊಂಡಳಂತೆ. ಅವನದೇ ಭಾಷೆಯಲ್ಲಿ ಮಾತಾಡಿದಳಂತೆ. ಬಿಷಪ್ ನಂಬಲಿಲ್ಲ, ಗುರುತು ಕೇಳಿದ. ಡಿಸೆಂಬರ್ ಚಳಿಯಲ್ಲಿ ಗುಡ್ಡದ ತುದಿಯಲ್ಲಿ ಗುಲಾಬಿ ಅರಳಿದವು. ಹುವಾನ್ ಅವನ್ನು ತನ್ನ ಹೊದಿಕೆಯಲ್ಲಿ ತುಂಬಿಕೊಂಡು ಬಂದು ಬಿಷಪ್ ಮುಂದೆ ಸುರಿದಾಗ, ಬಟ್ಟೆಯ ಮೇಲೆ ಅವಳ ಚಿತ್ರವೇ ಮೂಡಿತ್ತಂತೆ. ಅದೇ ಗುಡ್ಡದಲ್ಲಿ ಹಿಂದೆ ತೊನಾಂಟ್ಸಿನ್ ಎಂಬ ದೇವಿಯ ಪೂಜೆ ನಡೆಯುತ್ತಿತ್ತು. ಆ ಮಾತಿನ ಅರ್ಥ ‘ನಮ್ಮ ತಾಯಿ’. ಹಳೇ ತಾಯಿಗೆ ಹೊಸ ಸೀರೆ ಉಡಿಸಿದ್ದು ಅಂತ ಹೇಳುವವರೂ ಇದ್ದಾರೆ.

ಚಿತ್ರದಲ್ಲಿ ಅವಳ ಮೈಬಣ್ಣ ಕಂದು. ತಲೆ ಒಂದು ಕಡೆ ಬಾಗಿದೆ, ಕಣ್ಣು ಕೆಳಗೆ, ಕೈ ಮುಗಿದಿದೆ. ನೀಲಿ-ಹಸಿರು ಹೊದಿಕೆ ತಲೆಯಿಂದ ಕಾಲಿನವರೆಗೆ ಇಳಿದಿದೆ. ಕಾಲ ಕೆಳಗೆ ಅರ್ಧಚಂದ್ರ, ಅದನ್ನು ಹೊತ್ತ ದೇವದೂತ. ಒಂದು ಹೆಜ್ಜೆ ಇಡಬೇಕು ಅಂದರೂ ಆ ಬಟ್ಟೆಯಲ್ಲಿ ಆಗದು.

ಈ ಚಿತ್ರ ಗುಡಿಯೊಳಗೆ ಮಾತ್ರ ಉಳಿಯಲಿಲ್ಲ. 1810ರಲ್ಲಿ ಸ್ಪೇನಿನ ವಿರುದ್ಧ ಎದ್ದ ಪಾದ್ರಿ ಇಡಾಲ್ಗೊ ಹಿಡಿದ ಬಾವುಟ ಇವಳದೇ. 1966ರಲ್ಲಿ ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟದ ಕೂಲಿಗಳು ತಮ್ಮ ನಾಯಕ ಸೀಸರ್ ಚಾವೇಜ್ ಜೊತೆ ಡೆಲಾನೊದಿಂದ ಸ್ಯಾಕ್ರಮೆಂಟೊವರೆಗೆ ನಡೆದು ಹೋದಾಗ ಮುಂದೆ ಇದ್ದದ್ದೂ ಇವಳೇ. ಮನೆಗಳಲ್ಲಂತೂ ಗೋಡೆ, ಕ್ಯಾಲೆಂಡರ್, ಮೋಂಬತ್ತಿ, ಕಾರಿನ ಗಾಜು, ತೋಳಿನ ಹಚ್ಚೆ, ಎಲ್ಲ ಕಡೆ ಇವಳೇ. ಕ್ಯಾಲೆಂಡರ್ ದೇವರ ಜೊತೆ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಇನ್ನೊಂದು ವಿಷಯ ಇದೆ, ಇದನ್ನು ಯೋಚಿಸಿದಾಗೆಲ್ಲ ನನಗೆ ಒಂಥರಾ ಆಗುತ್ತೆ. ಅಮೆರಿಕದ ಜೊತೆ ಯುದ್ಧ ಸೋತ ಮೆಕ್ಸಿಕೊ, ತನ್ನ ನೆಲದ ಸುಮಾರು ಅರ್ಧವನ್ನು ಬಿಟ್ಟುಕೊಟ್ಟ ಒಪ್ಪಂದಕ್ಕೆ ಸಹಿ ಹಾಕಿದ್ದು 1848ರ ಫೆಬ್ರವರಿ 2ರಂದು. ಎಲ್ಲಿ? ಈ ತಾಯಿಯ ಗುಡಿ ಇರುವ ಊರಲ್ಲೇ. ಹಾಗಾಗಿ ಒಪ್ಪಂದದ ಹೆಸರೂ ಗ್ವಾಡಲೂಪೆ ಇಡಾಲ್ಗೊ. ಕ್ಯಾಲಿಫೋರ್ನಿಯಾ ಹೀಗೆ ಅಮೆರಿಕದ್ದಾಯಿತು. ‘ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು’ ಅಂತ ಅಲ್ಲಿನ ಮೆಕ್ಸಿಕನ್ ಮೂಲದವರು ಹೇಳುವ ಮಾತಿನ ಬೇರು ಇಲ್ಲಿದೆ.

ಚಿಕಾನೊ ಅನ್ನುವುದು ಮೊದಲು ಈ ಮೆಕ್ಸಿಕನ್ ಮೂಲದವರಿಗೆ ಬೈಗುಳದ ಹಾಗೆ ಬಳಕೆಯಲ್ಲಿದ್ದ ಮಾತು. 1960ರ ದಶಕದ ಹೋರಾಟಗಾರರು ಅದನ್ನೇ ಎತ್ತಿಕೊಂಡು ಎದೆಗೆ ಹಚ್ಚಿಕೊಂಡರು. ಗಂಡಸಾದರೆ ಚಿಕಾನೊ, ಹೆಂಗಸಾದರೆ ಚಿಕಾನಾ. ಕೊನೆಯ ಒಂದು ಅಕ್ಷರದ ವ್ಯತ್ಯಾಸ. ಆ ಒಂದು ಅಕ್ಷರಕ್ಕಾಗಿ ನಡೆದ ಜಗಳ ಸಣ್ಣದಲ್ಲ.

ಲೋಗನ್ ಹೈಟ್ಸ್‌ನ ಹುಡುಗಿ

ಯೊಲಾಂಡಾ ಹುಟ್ಟಿದ್ದು 1942ರಲ್ಲಿ, ಮೆಕ್ಸಿಕೊ ಗಡಿಗೆ ಹತ್ತಿರದ ಸ್ಯಾನ್ ಡಿಯೆಗೊದಲ್ಲಿ. ಬೆಳೆದದ್ದು ಲೋಗನ್ ಹೈಟ್ಸ್ ಎಂಬ ಮೆಕ್ಸಿಕನ್ ಕೇರಿಯಲ್ಲಿ. ತಾಯಿಯ ತಂದೆ-ತಾಯಿ ಮೆಕ್ಸಿಕೊದ ಕ್ರಾಂತಿಯ ಗಲಾಟೆಯ ಕಾಲದಲ್ಲಿ ನದಿ ದಾಟಿ ಬಂದವರು. ಅಮ್ಮ ಮಾರ್ಗರೆಟ್ ಹೊಲಿಗೆ ಕೆಲಸದವರು. ಯೊಲಾಂಡಾ ಹಿರಿಮಗಳು. ಅಪ್ಪ ಇಲ್ಲದ ಮನೆಯನ್ನು ಅಮ್ಮ, ಅಜ್ಜಿ, ತಾತ ನಡೆಸಿದರು.

ಆ ಕೇರಿಯ ಕಥೆಯೂ ಒಂದು ಥರ ಗಡಿಯ ಕಥೆಯೇ. 1963ರಲ್ಲಿ ಹೆದ್ದಾರಿಯೊಂದು ಅದನ್ನು ಎರಡು ಹೋಳು ಮಾಡಿತು. 1969ರಲ್ಲಿ ತಲೆ ಮೇಲೆ ದೊಡ್ಡ ಸೇತುವೆ ಬಂತು. ಸೇತುವೆ ಕೆಳಗೆ ಪಾರ್ಕ್ ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದ ಸರ್ಕಾರ, ಅಲ್ಲಿ ಹೆದ್ದಾರಿ ಪೊಲೀಸರ ಠಾಣೆ ಕಟ್ಟಲು ಹೊರಟಿತು. 1970ರ ಏಪ್ರಿಲ್ 22ರಂದು ಕೇರಿಯ ಜನ ಬುಲ್ಡೋಜರ್ ಮುಂದೆ ನಿಂತರು. ಜಾಗ ಬಿಡಲಿಲ್ಲ. ಅದೇ ಇವತ್ತಿನ ಚಿಕಾನೊ ಪಾರ್ಕ್. ಸೇತುವೆಯ ಕಾಂಕ್ರೀಟ್ ಕಂಬಗಳ ತುಂಬ ಚಿತ್ರಗಳು.

ಅಷ್ಟು ಹೊತ್ತಿಗೆ ಯೊಲಾಂಡಾ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದರು. 1968ರಲ್ಲಿ ಅಲ್ಲಿನ ಸ್ಟೇಟ್ ಕಾಲೇಜಿನಲ್ಲಿ ವಿದ್ಯಾರ್ಥಿಗಳ ದೊಡ್ಡ ಮುಷ್ಕರ ನಡೆಯಿತು. ಅವರು ಅದರಲ್ಲಿದ್ದರು. ಮರುವರ್ಷ ಪೊಲೀಸನೊಬ್ಬನ ಕೊಲೆ ಆರೋಪದಲ್ಲಿ ಏಳು ಮಂದಿ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಹುಡುಗರ ಹೆಸರು ಬಂತು. ಅವರ ಪರವಾಗಿ ನಿಂತ ಗುಂಪಿಗೆ ಯೊಲಾಂಡಾ ಪೋಸ್ಟರ್ ಮಾಡಿಕೊಟ್ಟರು, ಪತ್ರಿಕೆಯ ಪುಟ ಕಟ್ಟಿದರು. ಪುಟ ಕಟ್ಟುವ ಕೆಲಸದಲ್ಲಿ ಕಪ್ಪು ಜನರ ಹೋರಾಟದ ಸಂಘಟನೆ ಬ್ಲ್ಯಾಕ್ ಪ್ಯಾಂಥರ್‌ನ ಪತ್ರಿಕೆಯ ಕಲಾವಿದ ಎಮೊರಿ ಡಗ್ಲಸ್ ಅವರ ನೆರವಿತ್ತು. ಆ ಪೋಸ್ಟರಿನಲ್ಲಿ ಹುಡುಗರ ಮುಖಗಳು ಅಮೆರಿಕದ ಬಾವುಟದ ಪಟ್ಟಿಗಳ ಹಿಂದೆ ಇವೆ. ಬಾವುಟದ ಪಟ್ಟಿಯೇ ಜೈಲಿನ ಸರಳು. ಓಡುವವಳ ಕಾಲ ಕೆಳಗಿನ ದೇವದೂತನ ಮೂರು ಬಣ್ಣದ ರೆಕ್ಕೆ ನೆನಪಿದೆಯಲ್ಲ? ಒಂಬತ್ತು ವರ್ಷ ಮೊದಲೇ ಆ ಬಣ್ಣಗಳ ಜೊತೆ ಅವರ ಲೆಕ್ಕಾಚಾರ ಶುರುವಾಗಿತ್ತು.

ಹೋರಾಟದೊಳಗಿನ ಅಡುಗೆಮನೆ

ಚಿಕಾನೊ ಹೋರಾಟ ಭೂಮಿ, ಕೂಲಿ, ಶಾಲೆ, ಭಾಷೆ ಎಲ್ಲದರ ಬಗ್ಗೆ ಮಾತಾಡಿತು. ಹೆಂಗಸರ ವಿಷಯ ಬಂದಾಗ ಮಾತ್ರ ನಾಲಿಗೆ ತೊದಲಿತು. ಸಭೆಗೆ ಅಡುಗೆ ಯಾರದು, ಟೈಪ್ ಯಾರು ಮಾಡಬೇಕು, ಮೈಕ್ ಯಾರ ಕೈಗೆ, ಇದೆಲ್ಲ ಮೊದಲೇ ಗೊತ್ತಿದ್ದ ವಿಚಾರ. 1969ರ ಮಾರ್ಚ್‌ನಲ್ಲಿ ಡೆನ್ವರಿನಲ್ಲಿ ಚಿಕಾನೊ ಯುವಜನರ ಸಮ್ಮೇಳನ ನಡೆಯಿತು. ಅಲ್ಲಿ ಹೆಂಗಸರದೇ ಒಂದು ಗೋಷ್ಠಿ ಇತ್ತು. ಗೋಷ್ಠಿಯ ವರದಿಯಾಗಿ ವೇದಿಕೆಯ ಮೇಲೆ ಓದಿದ್ದು ಏನು ಗೊತ್ತಾ? ಚಿಕಾನಾಗೆ ಬಿಡುಗಡೆ ಬೇಕಿಲ್ಲ, ಅದೇ ನಮ್ಮೆಲ್ಲರ ಒಮ್ಮತ ಅಂತ. ಎರಡು ವರ್ಷ ಕಳೆದು 1971ರ ಮೇನಲ್ಲಿ ಹೂಸ್ಟನ್ನಿನಲ್ಲಿ ಸುಮಾರು 600 ಮಂದಿ ಹೆಂಗಸರು ತಮ್ಮದೇ ಸಮ್ಮೇಳನಕ್ಕೆ ಸೇರಿದರು. ಅಲ್ಲೂ ಒಡಕು ಬಂತು, ಒಂದಷ್ಟು ಜನ ಎದ್ದು ಹೊರನಡೆದರು. ಆದರೆ ‘ನಮಗೇನೂ ಬೇಡ’ ಅನ್ನುವ ಮಾತು ಮತ್ತೆ ಅಷ್ಟು ಸುಲಭವಾಗಿ ಯಾರೂ ಹೇಳಲಿಲ್ಲ.

ಹೆಣ್ಣಿಗೆ ಅಲ್ಲಿ ಸಿದ್ಧವಾಗಿದ್ದ ಅಚ್ಚುಗಳು ಎರಡು. ಒಂದು ಗ್ವಾಡಲೂಪೆ. ತಾಳ್ಮೆ, ತ್ಯಾಗ, ಬಗ್ಗಿದ ತಲೆ. ಇನ್ನೊಂದು ಮಲಿಂಚೆ. ಸ್ಪೇನಿನ ದಂಡನಾಯಕ ಕೊರ್ಟೆಸ್‌ಗೆ ದುಭಾಷಿಯಾಗಿದ್ದವಳು, ಜನಾಂಗಕ್ಕೇ ದ್ರೋಹ ಬಗೆದವಳು ಅಂತ ಹೆಸರು ಕೆಟ್ಟವಳು. ಹೆಂಗಸರ ಹಕ್ಕಿನ ಬಗ್ಗೆ ಬಾಯಿ ಬಿಟ್ಟವರಿಗೆ ಸಿಗುತ್ತಿದ್ದದ್ದು ಎರಡನೆಯ ಹೆಸರು. ಬಿಳಿ ಹೆಂಗಸರ ಮಾತು ಕೇಳಿ ಕೆಟ್ಟವಳು, ಮನೆ ಮುರುಕಿ, ಹೀಗೆ. ಹೊರಗಿನ ಅಮೆರಿಕ ಇವರನ್ನು ಕೆಲಸದಾಳು ಅಂದಿತು. ಒಳಗಿನವರು ದೇವಿ ಅಂದರು, ಇಲ್ಲಾ ದ್ರೋಹಿ ಅಂದರು. ಹೆಂಗಸು ಅಂತ ಮಾತ್ರ ಯಾರೂ ಅನ್ನಲಿಲ್ಲ.

ಈ ಪ್ರಕರಣದ ಗಂಟು ಇರುವುದು ಇಲ್ಲೇ. ಗ್ವಾಡಲೂಪೆಯನ್ನು ಬಿಟ್ಟುಬಿಟ್ಟರೆ ಹೋರಾಟವನ್ನೂ ಅಜ್ಜಿಯನ್ನೂ ಒಟ್ಟಿಗೇ ಬಿಟ್ಟ ಹಾಗೆ. ಇಟ್ಟುಕೊಂಡರೆ ಬಗ್ಗಿದ ತಲೆಯನ್ನೂ ಇಟ್ಟುಕೊಳ್ಳಬೇಕು.

ಇದನ್ನು ಮೊದಲು ಬಿಚ್ಚಲು ನೋಡಿದವರು ಯೊಲಾಂಡಾ ಅಲ್ಲ. 1975ರಲ್ಲೇ ಎಸ್ಟರ್ ಹೆರ್ನಾಂಡೆಜ್ ಎಂಬ ಕಲಾವಿದೆ ಒಂದು ಎಚಿಂಗ್, ಅಂದರೆ ಲೋಹದ ಹಲಗೆಯಲ್ಲಿ ಕೊರೆದು ಅಚ್ಚೊತ್ತಿದ ಚಿತ್ರ, ಮಾಡಿದ್ದರು. ಅದರಲ್ಲಿ ಗ್ವಾಡಲೂಪೆ ಕರಾಟೆ ಉಡುಪು ತೊಟ್ಟು ಒದೆಯುತ್ತಿದ್ದಾಳೆ. ಒಳ್ಳೇ ಚಿತ್ರ, ನಗುವೂ ಬರುತ್ತೆ. ಆದರೆ ಅಲ್ಲಿ ದೇವಿ ದೇವಿಯಾಗಿಯೇ ಇದ್ದಾಳೆ, ಜನಕ್ಕಾಗಿ ಹೊಡೆದಾಡುತ್ತಾಳೆ ಅಷ್ಟೇ. ಯೊಲಾಂಡಾ ದೇವಿಗೆ ಕರಾಟೆ ಕಲಿಸಲಿಲ್ಲ. ಅವಳನ್ನು ಆ ಜಾಗದಿಂದ ಕೆಳಗಿಳಿಸಿ, ಅಲ್ಲಿ ತಮ್ಮ ಮನೆಯವರನ್ನು ಕೂರಿಸಿದರು.

ಮೂರು ಜನ, ಒಂದು ಬಟ್ಟೆ

1970ರ ದಶಕದ ನಡುವಿಗೆ ಯೊಲಾಂಡಾ ಸ್ಯಾನ್ ಡಿಯೆಗೊಗೆ ವಾಪಸ್ ಬಂದಿದ್ದರು. 1975ರಲ್ಲಿ ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪದವಿ ಮುಗಿಸಿ, ಆಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಕ್ಯಾಂಪಸ್ಸಿನಲ್ಲಿ ಕಲೆಯ ಸ್ನಾತಕೋತ್ತರ ಓದು. ಫೋಟೊ ಮತ್ತು ಜಾಹೀರಾತುಗಳು ನಮ್ಮ ತಲೆಯೊಳಗೆ ಏನನ್ನು ತುರುಕುತ್ತವೆ ಎಂದು ಬಿಡಿಸಿ ನೋಡುತ್ತಿದ್ದ ಮಾರ್ಥಾ ರೋಸ್ಲರ್, ಆಲನ್ ಸೆಕುಲಾ ಅಂಥವರು ಅಲ್ಲಿದ್ದರು. ಮೆಕ್ಸಿಕನ್ ಹೆಂಗಸು ಅಂದರೆ ಟೀವಿ, ಪತ್ರಿಕೆ, ಟಕೀಲಾ ಬಾಟಲಿಯ ಚೀಟಿ ಏನನ್ನು ತೋರಿಸುತ್ತವೆ? ಯೊಲಾಂಡಾ ಈ ಪ್ರಶ್ನೆ ಹಿಡಿದುಕೊಂಡರು. ಎಲ್ಲಿ ಹುಡುಕಿದರೂ ತನ್ನ ಅಮ್ಮನಂಥವರು ಸಿಗಲಿಲ್ಲ. ದಪ್ಪ ಮೈಯ, ಕನ್ನಡಕದ, ದಿನಾ ಕೆಲಸಕ್ಕೆ ಹೋಗಿ ಬರುವ ಮಾಮೂಲಿ ಹೆಂಗಸು ಎಲ್ಲೂ ಇರಲಿಲ್ಲ.

ಮೊದಲು ಇದ್ದಿಲಿನಲ್ಲಿ ಅಜ್ಜಿ, ಅಮ್ಮ, ತಾನು, ಮೂವರನ್ನೂ ಆಳೆತ್ತರ ಮೀರುವ ಕಾಗದಗಳ ಮೇಲೆ ಬರೆದರು. ಹಿಂದೆ ಏನೂ ಇಲ್ಲ, ಸುಮ್ನೆ ನಿಂತಿದ್ದಾರೆ. 1977ರಲ್ಲಿ ‘ಎಲ್ಲಿಗೆ ಹೊರಟೆ, ಚಿಕಾನಾ?’ ಎಂಬ ಸರಣಿ ಬಂತು. ಅದರಲ್ಲಿ ಕ್ಯಾಂಪಸ್ಸಿನ ಕಟ್ಟಡಗಳ ನಡುವೆ ಒಬ್ಬಳು ಓಡುತ್ತಾಳೆ. ಅವಳ ಮೈ ಆ ಕಟ್ಟಡಗಳಿಗೆ ಹೊಂದುವುದಿಲ್ಲ, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಿಲ್ಲ. ಇವೆರಡನ್ನೂ ಸೇರಿಸಿ, ಗ್ವಾಡಲೂಪೆಯ ಕಿರಣದೊಳಗೆ ಇಟ್ಟರೆ ಏನಾಗುತ್ತೆ? ಅದರ ಉತ್ತರವೇ 1978ರ ಮೂರು ಚಿತ್ರಗಳು. ಬಳಸಿದ್ದು ಆಯಿಲ್ ಪ್ಯಾಸ್ಟಲ್ ಮತ್ತು ಕಾಗದ. ಕ್ಯಾನ್ವಾಸಿಲ್ಲ, ಚಿನ್ನದ ರೇಕಿಲ್ಲ.

ಅಜ್ಜಿಯ ಚಿತ್ರದಲ್ಲಿ ವಿಕ್ಟೋರಿಯಾ ಫ್ರಾಂಕೊ ಕೂತಿದ್ದಾರೆ. ಕೂತಿರುವುದು ಆ ನಕ್ಷತ್ರದ ಹೊದಿಕೆಯ ಮೇಲೆಯೇ. ಆಸನದ ಮೇಲೆ ಅದನ್ನು ಹಾಸಿದೆ. ವಯಸ್ಸಾದ ಮೈ, ಮುಖದಲ್ಲಿ ಯಾರಿಗೂ ಏನನ್ನೂ ತೋರಿಸಿಕೊಳ್ಳುವ ಆತುರವಿಲ್ಲ. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಸುಲಿದ ಹಾವಿನ ಚರ್ಮ. ಬದುಕಿನ ಜೊತೆಗಿನ ಕುಸ್ತಿ ಮುಗಿಸಿ, ಸಾವು ಬಂದರೂ ಬರಲಿ ಅಂತ ಕೂತವರ ಗತ್ತು ಅದು.

ಅಮ್ಮನ ಚಿತ್ರದಲ್ಲಿ ಮಾರ್ಗರೆಟ್ ಸ್ಟೂವರ್ಟ್ ಹೊಲಿಗೆ ಮಷಿನ್ ಮುಂದೆ. ಮನೆಯ ಚಿಕ್ಕ ಮಷಿನ್ ಅಲ್ಲ, ಫ್ಯಾಕ್ಟರಿಯ ದೊಡ್ಡದು. ಕಣ್ಣಿಗೆ ಕನ್ನಡಕ. ಸೂಜಿಯ ಕೆಳಗೆ ಹೋಗುತ್ತಿರುವುದು ಅದೇ ನೀಲಿ ಹೊದಿಕೆ. ದೇವಿಯ ಹೊದಿಕೆಯನ್ನು ಇವರೇ ಹೊಲಿಯುತ್ತಿದ್ದಾರೆ. ಹಿಂದೆ ಬಂಗಾರದ ಕಿರಣ, ಮುಂದೆ ಹೊಟ್ಟೆಪಾಡು.

ಇಲ್ಲಿ ಸ್ವಲ್ಪ ನಿಲ್ಲಿ. 1531ರಿಂದ ಆ ಹೊದಿಕೆ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದ್ದರಾ? ಅದು ಪವಾಡ, ಆಕಾಶದ್ದು. ಆದರೆ ಸ್ಯಾನ್ ಡಿಯೆಗೊದ ಹೊಲಿಗೆಯವಳ ಮಗಳಿಗೆ ಗೊತ್ತು, ಬಟ್ಟೆ ಅಂದಮೇಲೆ ಯಾರೋ ಒಬ್ಬರು ಅಂಚು ಮಡಿಸಿರಲೇಬೇಕು. ಯಾರದೋ ಬೆನ್ನು ನೋಯಲೇಬೇಕು. ದೇವಿಯನ್ನು ಬೈಯದೆ, ಅಣಕಿಸದೆ, ಅವಳ ಬಟ್ಟೆಯ ಹೊಲಿಗೆ ತೋರಿಸಿದ್ದಾರೆ. ಈ ಇಡೀ ಸರಣಿಯಲ್ಲಿ ಇದಕ್ಕಿಂತ ಜಾಣ ಜಾಗ ನನಗೆ ಕಂಡಿಲ್ಲ.

ಮೂರನ್ನೂ ಪಕ್ಕಪಕ್ಕ ಇಟ್ಟಾಗ ಬಟ್ಟೆಯ ದಾರಿ ಕಾಣುತ್ತೆ. ಅಜ್ಜಿ ಅದರ ಮೇಲೆ ಕೂತಿದ್ದಾರೆ. ಅಮ್ಮ ಹೊಲಿಯುತ್ತಿದ್ದಾರೆ. ಮಗಳು ಹಿಡಿದುಕೊಂಡು ಓಡುತ್ತಿದ್ದಾಳೆ. ಅಜ್ಜಿಯ ಕೈಯಲ್ಲಿ ಚರ್ಮ ಮಾತ್ರ ಇರುವ ಹಾವು ಮೊಮ್ಮಗಳ ಕೈಯಲ್ಲಿ ಜೀವಂತ. ಕ್ರೈಸ್ತರ ಚಿತ್ರಗಳಲ್ಲಿ ಹಾವು ಮೇರಿಯ ಕಾಲ ಕೆಳಗೆ ತುಳಿಸಿಕೊಳ್ಳುವ ಪಾಪದ ಗುರುತು. ಮೆಕ್ಸಿಕೊದ ಹಳೇ ದೇವಿಯರಿಗೆ ಅದು ಒಡವೆ. ಕೊಆಟ್ಲಿಕ್ವೆ ಅನ್ನುವ ದೇವಿಯ ಹೆಸರಿನ ಅರ್ಥವೇ ಹಾವಿನ ಲಂಗದವಳು. ಯೊಲಾಂಡಾ ಹಾವನ್ನು ಕಾಲ ಕೆಳಗಿನಿಂದ ಎತ್ತಿ ಕೈಗೆ ಕೊಟ್ಟರು.

ಹೆಸರುಗಳನ್ನೂ ನೋಡಿ. ಮೊದಲ ಎರಡರ ಹೆಸರು ‘ವಿಕ್ಟೋರಿಯಾ ಎಫ್. ಫ್ರಾಂಕೊ: ಗ್ವಾಡಲೂಪೆ ಮಾತೆ’, ‘ಮಾರ್ಗರೆಟ್ ಎಫ್. ಸ್ಟೂವರ್ಟ್: ಗ್ವಾಡಲೂಪೆ ಮಾತೆ’. ಇನಿಷಿಯಲ್ ಸಮೇತ ಪೂರ್ತಿ ಹೆಸರು, ರೇಷನ್ ಕಾರ್ಡಿನಲ್ಲಿ ಇರುವ ಹಾಗೆ. ಮುಂದೆ ನೇರ ದೇವಿಯ ಬಿರುದು. ತನ್ನ ಚಿತ್ರಕ್ಕೆ ಬಂದಾಗ ಯೊಲಾಂಡಾ ಹೆಸರು ಹಾಕಿಕೊಂಡಿಲ್ಲ. ಬರೀ ‘ಕಲಾವಿದೆ’, ಅದೂ ‘ಕನ್ಯೆಯಾಗಿ’. ಅಂದರೆ ಅಜ್ಜಿ, ಅಮ್ಮ ಗ್ವಾಡಲೂಪೆಯರೇ. ತಾನು ಆ ವೇಷ ಹಾಕಿದವಳು. ಹೊಗಳಿಕೆಯನ್ನೆಲ್ಲ ಹಿರಿಯರಿಗೆ ಕೊಟ್ಟು, ತನಗೆ ಓಡುವ ಕೆಲಸ ಇಟ್ಟುಕೊಂಡಿದ್ದಾರೆ. ಅದೇ ವರ್ಷ ಸೂಸನ್ ಮೋಗಲ್ ಎಂಬ ಗೆಳತಿ ತೆಗೆದ ಫೋಟೊಗಳಲ್ಲೂ ಇದೇ ಆಟ. ಗ್ವಾಡಲೂಪೆಯ ಕಿರಣದ ಮುಂದೆ ಓಟದ ಬಟ್ಟೆಯಲ್ಲಿ ಯೊಲಾಂಡಾ ನಿಂತಿದ್ದಾರೆ, ಕೈಯಲ್ಲಿ ಬಣ್ಣದ ಕುಂಚಗಳು.

ಆಗ ಅವರು ಬರೆದ ಟಿಪ್ಪಣಿಯ ಸಾರ ಇಷ್ಟು. ಗ್ವಾಡಲೂಪೆ ಚೆಲುವೆ, ಶಾಂತಳು, ಆದರೆ ಸುಮ್ಮನೆ ನಿಂತವಳು, ಅವಳಿಗೆ ತನ್ನದೇ ಆದ ಸುಖ ದುಃಖ ಇಲ್ಲ. ಅವಳ ಮೇಲೆ ಸುರಿಯುವ ಪ್ರೀತಿ, ಗೌರವ ಉಸಿರಾಡುವ ಹೆಂಗಸರಿಗೂ ಸಲ್ಲಬೇಕು. ಕಾಲ ಕೆಳಗಿನ ದೇವದೂತನ ಬಗ್ಗೆ ಮಾತ್ರ ಅವರಿಗೆ ಕರುಣೆ ಕಮ್ಮಿ. ಗಂಡಸರ ಯಜಮಾನಿಕೆಯ ನಡುವಯಸ್ಸಿನ ಏಜೆಂಟ್ ಅಂತ ಅವನನ್ನು ಕರೆದಿದ್ದರು.

ಅದೇ 1978ರಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು. ಅಧ್ಯಕ್ಷ ಕಾರ್ಟರ್ ಸರ್ಕಾರದ ವಲಸೆ ಯೋಜನೆಗೆ ಎದುರಾಗಿ ಒಂದು ಪೋಸ್ಟರ್. ತಲೆಗೆ ಗರಿ ಸಿಕ್ಕಿಸಿದ ಆಜ್ಟೆಕ್ ವೀರ ನಮ್ಮ ಕಡೆ ಬೆರಳು ಚಾಚಿ ಕೇಳುತ್ತಾನೆ: ಯಾರಯ್ಯ ಇಲ್ಲಿ ಅಕ್ರಮ ವಲಸಿಗ, ಪಿಲ್‌ಗ್ರಿಮ್? ಪಿಲ್‌ಗ್ರಿಮ್ ಅಂದರೆ ಇಂಗ್ಲೆಂಡಿನಿಂದ ಹಡಗು ಹತ್ತಿ ಅಮೆರಿಕಕ್ಕೆ ಬಂದು ನೆಲೆಸಿದ ಮೊದಮೊದಲ ಬಿಳಿಯರು. ಇನ್ನೊಂದು ಕೈಯಲ್ಲಿ ವಲಸೆ ಯೋಜನೆಯ ಕಾಗದ ಮುದ್ದೆಯಾಗಿದೆ. ಇದು ಊರೂರು ಸುತ್ತಿತು, ಮಾಡಿದವರ ಹೆಸರು ಗೊತ್ತಿಲ್ಲದವರ ಗೋಡೆಯನ್ನೂ ಏರಿತು. ಒಂದೇ ವರ್ಷ, ಒಂದೇ ಕೈ. ಬೀದಿಗೆ ಬೇಕಾದಾಗ ಕಟ್ಟುಮಸ್ತು ಗಂಡಸು ಬಂದ. ತನ್ನ ಮನೆಯ ಬಗ್ಗೆ ಹೇಳಬೇಕಾದಾಗ ಕನ್ನಡಕದ ಅಮ್ಮ ಬಂದಳು. ಇದರಲ್ಲಿ ವಿರೋಧ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಹೋರಾಟದ ಭಾಷೆಯನ್ನು ಬಿಟ್ಟುಕೊಡದೇ ಆ ಭಾಷೆಗೆ ಬಾರದ್ದನ್ನು ಪಕ್ಕದಲ್ಲೇ ಹೇಳುವ ದಾರಿ ಅದು.

ಬೆಂಕಿ ಹತ್ತಿದ್ದು ಬೇರೆ ಕಡೆ

ಜಗಳ ಆಗುವುದಾದರೆ ಓಡುವ ಚಿತ್ರಕ್ಕೇ ಆಗಬೇಕಿತ್ತು ಅಲ್ವಾ? ಹಾಗಾಗಲಿಲ್ಲ. ಯೊಲಾಂಡಾ ಇನ್ನೊಂದು ಗ್ವಾಡಲೂಪೆ ಮಾಡಿದ್ದರು. ಅದರಲ್ಲಿ ಅಮ್ಮ ಇಲ್ಲ, ಅಜ್ಜಿ ಇಲ್ಲ, ದೇವಿಯೇ ಇದ್ದಾಳೆ. ಲಂಗದ ಅಂಚು ಮೇಲೇರಿದೆ, ಕಾಲಲ್ಲಿ ಹಿಮ್ಮಡಿ ಎತ್ತರದ ಚಪ್ಪಲಿ. ಎಲ್ಲಿಗೋ ಹೊರಟಿದ್ದಾಳೆ. ಈ ‘ನಡೆಯುವ ಗ್ವಾಡಲೂಪೆ’ 1984ರಲ್ಲಿ ಮೆಕ್ಸಿಕೊದ ಫೆಮ್ ಎಂಬ ಸ್ತ್ರೀವಾದಿ ಪತ್ರಿಕೆಯ ಮುಖಪುಟಕ್ಕೆ ಬಂತು. ಪತ್ರಿಕೆಗೆ ಬಾಂಬ್ ಬೆದರಿಕೆಗಳು ಬಂದವು.

ಕಾರಣ ಊಹಿಸುವುದು ಕಷ್ಟವಲ್ಲ. ಮೂರು ಚಿತ್ರಗಳಲ್ಲಿ ಬೇರೆ ಹೆಂಗಸರು ದೇವಿಯ ಜಾಗಕ್ಕೆ ಬಂದಿದ್ದಾರೆ. ಇಲ್ಲಿ ದೇವಿಯೇ ಕಾಲು ಹೊರಗಿಟ್ಟಿದ್ದಾಳೆ. ಜನ ಹೆಣ್ಣನ್ನು ದೇವಿ ಮಾಡಿದರೆ ಸಹಿಸುತ್ತಾರೆ. ದೇವಿಗೆ ಕಣಕಾಲು ಇದೆ ಅಂದರೆ ಸಿಟ್ಟು ಬರುತ್ತೆ.

ಆ ಸಿಟ್ಟು ಪೂರ್ತಿ ಕಂಡದ್ದು ಇನ್ನೂ ಹದಿನೇಳು ವರ್ಷದ ಮೇಲೆ. 2001ರಲ್ಲಿ ನ್ಯೂ ಮೆಕ್ಸಿಕೊದ ಸಾಂಟಾ ಫೆಯ ಜಾನಪದ ಕಲಾ ಮ್ಯೂಸಿಯಮ್ಮಿನಲ್ಲಿ ಆಲ್ಮಾ ಲೋಪೆಜ್ ಅವರ ಒಂದು ಡಿಜಿಟಲ್ ಚಿತ್ರ ಇತ್ತು. ಲೋಪೆಜ್ ಅಂದ ಮಾತ್ರಕ್ಕೆ ಇಬ್ಬರೂ ನೆಂಟರೇನಲ್ಲ. 1999ರ ಆ ಚಿತ್ರದಲ್ಲಿ ಗ್ವಾಡಲೂಪೆ ಗುಲಾಬಿ ಹೂವಷ್ಟೇ ಉಟ್ಟು, ಸೊಂಟದ ಮೇಲೆ ಕೈ ಇಟ್ಟು, ನೇರ ನಮ್ಮನ್ನು ನೋಡುತ್ತಾಳೆ. ದೇವದೂತನ ಜಾಗದಲ್ಲಿ ಎದೆ ತೆರೆದ ಹೆಂಗಸು, ಚಿಟ್ಟೆಯ ರೆಕ್ಕೆ. ಊರಿನ ಆರ್ಚ್‌ಬಿಷಪ್ ಖಂಡಿಸಿದರು. ಮೆರವಣಿಗೆ, ಪ್ರಾರ್ಥನೆ, ಬೆದರಿಕೆ ಪತ್ರ ಎಲ್ಲ ಆಯಿತು. ಮ್ಯೂಸಿಯಂ ಚಿತ್ರವನ್ನು ಕೆಳಗಿಳಿಸಲಿಲ್ಲ, ಪ್ರದರ್ಶನವನ್ನು ಮಾತ್ರ ತಿಂಗಳುಗಟ್ಟಲೆ ಮೊದಲೇ ಮುಗಿಸಿತು. ಇಂಥ ರಾಜಿ ನಮಗೇನು ಹೊಸದಲ್ಲ. ಆ ಚಿತ್ರ ಇದ್ದದ್ದು ಹೆಚ್ಚೂ ಕಡಿಮೆ ಬಿಡಿಸಿಟ್ಟ ಒಂದು ದೊಡ್ಡ ನೋಟ್‌ಬುಕ್ಕಿನಷ್ಟು.

ಆಲ್ಮಾ ಕೈ ಹಾಕಿದ್ದು ಯೊಲಾಂಡಾ ಅಷ್ಟಾಗಿ ಮುಟ್ಟದೆ ಬಿಟ್ಟ ಜಾಗಕ್ಕೆ. ದೇಹದ ಆಸೆ, ಹೆಣ್ಣು ಹೆಣ್ಣನ್ನು ಪ್ರೀತಿಸುವುದು, ಇವು 1978ರ ಮೂರು ಚಿತ್ರಗಳಲ್ಲಿ ಇಲ್ಲ. ಅಲ್ಲಿ ಇರುವುದು ಮೈಯ ದುಡಿಮೆ. ಇದನ್ನು ಕೊರತೆ ಅಂತ ಕೆಲವರು ಎಣಿಸಬಹುದು. ನನಗೆ ಇನ್ನೊಂದು ದೂರು ಇದೆ. ಓಡುವ ಚಿತ್ರ ಒಂಟಿಯಾಗಿ ಹೆಸರು ಮಾಡಿದ ಮೇಲೆ ಅದು ಬೇರೆಯದೇ ಮಾತು ಹೇಳತೊಡಗಿತು. ಗಟ್ಟಿಗಿತ್ತಿ ಒಬ್ಬಳು ಹಳೇದನ್ನೆಲ್ಲ ದಾಟಿ ಹಾರಿದಳು ಅನ್ನುವ ಮಾತು. ಮೂರರ ನಡುವೆ ಅದರ ಅರ್ಥ ಹಾಗಿರಲಿಲ್ಲ. ದಾಟಿದ್ದು ದೇವದೂತನನ್ನು, ಅಮ್ಮನನ್ನಲ್ಲ.

ಬಾಡಿಗೆ ಮನೆ, ಮ್ಯೂಸಿಯಂ

ಯೊಲಾಂಡಾ ಇಲ್ಲಿಗೇ ನಿಲ್ಲಲಿಲ್ಲ. ‘ನಮ್ಮ ತಾಯಿ’ ಎಂಬ ಹೆಸರಿನ, 1980ರ ದಶಕದ ಚಿತ್ರವೊಂದರಲ್ಲಿ ಗ್ವಾಡಲೂಪೆಯ ಹೊದಿಕೆಯೊಳಗೆ ಹಳೇ ಕಲ್ಲಿನ ದೇವಿಯನ್ನೇ ನಿಲ್ಲಿಸಿದರು. 1986ರಲ್ಲಿ ಜಾಹೀರಾತು ಮತ್ತು ಟೀವಿ ಮೆಕ್ಸಿಕನ್ನರನ್ನು ತೋರಿಸುವ ಬಗೆಯ ಮೇಲೆ ವಿಡಿಯೊ ಮಾಡಿದರು. 1994ರ ‘ದಿ ನ್ಯಾನಿ’ ಎಂಬ ಕೆಲಸದಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳ ಯೂನಿಫಾರ್ಮ್ ಮಾತ್ರ ತೂಗುತ್ತಿದೆ, ಅದರೊಳಗೆ ಹೆಂಗಸಿಲ್ಲ. ಆಮೇಲೆ ‘ಹೆಂಗಸರ ಕೆಲಸ ಮುಗಿಯುವುದೇ ಇಲ್ಲ’ ಎಂಬ ಪ್ರಿಂಟ್‌ಗಳ ಸರಣಿ. ನೋಡಿದಿರಾ, ಸುತ್ತಿ ಸುತ್ತಿ ಆ ಹೊಲಿಗೆ ಮಷಿನ್ ಹತ್ತಿರಕ್ಕೇ ಬರುತ್ತಾರೆ.

ಬದುಕಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಕೇರಿಯಲ್ಲಿ. ಅಲ್ಲಿನ ಮಿಷನ್ ಕಲ್ಚರಲ್ ಸೆಂಟರಿನಲ್ಲಿ ಶಿಕ್ಷಣ ವಿಭಾಗ ನಡೆಸಿದರು, ಪಾಠ ಮಾಡಿದರು, ಮಗನನ್ನು ಬೆಳೆಸಿದರು. ಹೆಸರು ಪುಸ್ತಕಗಳಲ್ಲಿತ್ತು, ಹಣ ಬ್ಯಾಂಕಿನಲ್ಲಿರಲಿಲ್ಲ. 2014ರಲ್ಲಿ, ಟೆಕ್ ಕಂಪನಿಗಳ ದುಡ್ಡಿಗೆ ಆ ಊರಿನ ಬಾಡಿಗೆ ಆಕಾಶಕ್ಕೆ ಏರಿದ್ದ ಕಾಲದಲ್ಲಿ, ದಶಕಗಳಿಂದ ಇದ್ದ ಮನೆ ಖಾಲಿ ಮಾಡಬೇಕಾಯಿತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಯೊಲಾಂಡಾ ಮನೆಯ ಸಾಮಾನುಗಳನ್ನು ತಂದು ಗಲೆರಿಯಾ ದೆ ಲಾ ರಾಸಾ ಎಂಬ ಕಲಾ ಗ್ಯಾಲರಿಯಲ್ಲಿ ಗ್ಯಾರೇಜ್ ಸೇಲ್ (ಹಳೇ ಮನೆ ಸಾಮಾನಿನ ಮಾರಾಟ) ರೂಪದ ಪ್ರದರ್ಶನ ಮಾಡಿದರು. ಮನೆ ಹೋಗುವುದನ್ನೂ ಕಲೆ ಮಾಡಿ ಜನರ ಮುಂದೆ ಹರವಿದ ಗಟ್ಟಿತನ ಅದು. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸ್ಯಾನ್ ಡಿಯೆಗೊಗೂ ಒಪ್ಪುತ್ತೆ. ತನ್ನೂರ ಮಗಳ ಕೆಲಸವನ್ನು ಒಟ್ಟಾಗಿ ತೋರಿಸಲು ಅಲ್ಲಿನ ಸಮಕಾಲೀನ ಕಲಾ ಮ್ಯೂಸಿಯಮ್ಮಿಗೆ ನಲವತ್ತಕ್ಕೂ ಜಾಸ್ತಿ ವರ್ಷ ಹಿಡಿಯಿತು. ಬೇರೆ ಯಾವ ಮ್ಯೂಸಿಯಮ್ಮೂ ಅದಕ್ಕೆ ಮೊದಲು ಅವರೊಬ್ಬರದೇ ಪ್ರದರ್ಶನ ಮಾಡಿರಲಿಲ್ಲ. ಬಾಗಿಲು ತೆರೆದದ್ದು 2021ರ ಅಕ್ಟೋಬರ್ 16ರಂದು, ಅವರು ಬೆಳೆದ ಕೇರಿಯಿಂದ ಕೆಲವೇ ಮೈಲಿ ದೂರದಲ್ಲಿ. ಯೊಲಾಂಡಾ ಸೆಪ್ಟೆಂಬರ್ 3ರಂದೇ ತೀರಿಕೊಂಡಿದ್ದರು. 78 ವರ್ಷ, ಕ್ಯಾನ್ಸರ್. ಆರು ವಾರಕ್ಕೆ ತಪ್ಪಿತು.

ಆ ಗೋಡೆಗಳ ಮೇಲೆ ಮೂವರೂ ಇದ್ದರು. ಮಗಳು ಹೊದಿಕೆ ಹಿಡಿದುಕೊಂಡು ಓಡುತ್ತಲೇ ಇದ್ದಾಳೆ, ಅಮ್ಮನ ಮಷಿನ್ನಿನಲ್ಲಿ ಅದರ ಹೊಲಿಗೆ ಇನ್ನೂ ಮುಗಿದಿಲ್ಲ.